ಗಂಡಸರು ಊರಲ್ಲಿಲ್ಲದ ರಾತ್ರಿ

ಹಿಜರಿ ೧೩೭೪, ದುಲ್ ಕಅದಾ ೧೯

ಹೊಸ ಪುಸ್ತಕ. ಮೊದಲ ಪುಟದಲ್ಲಿ ಹೆಸರು, ಮನೆತನ ಬರೆಯಬೇಕು. ಸಿಂಗಾಪುರದಲ್ಲಿ ಹೈಸ್ಕೂಲು ಮುಗಿಸುವವರೆಗೆ ಕಲಿತದ್ದರಲ್ಲಿ ಈ ಅಭ್ಯಾಸವೊಂದು ಬಿಟ್ಟಿಲ್ಲ. ನಾನು ಬಹೀಜಾ. ಮಕ್ಕಾ, ಶಾಮಿಯಾ ಕೇರಿ. ಶೇಖ್ ಸಿರಾಜ್ ಮಿಶ್ಕಾತಿಯವರ ವಿಧವೆ. ಜಾವಾ, ಸುಮಾತ್ರಾ, ಮಕಸ್ಸಾರ್ ಕಡೆಯಿಂದ ಹಜ್ಜಿಗೆ ಬರುವವರನ್ನು ಐದು ತಲೆಮಾರಿನಿಂದ ಕೈಹಿಡಿದು ನಡೆಸಿಕೊಂಡು ಬಂದ ಮುತವ್ವಿಫರ ಮನೆ ನಮ್ಮದು. ನಾನು ಮೆಟ್ಟಿಲಿಳಿದರೆ ಕೇರಿಯ ಜಗಳಗಳು ತಾವಾಗಿ ನಿಲ್ಲುತ್ತವೆ. ನಿಲ್ಲಬೇಕು.

ಬೆಳಗಿನಿಂದ ಝಮ್‌ಝಮ್ ನೀರಿನ ಹೂಜಿಗಳಿಗೆ ಮಸ್ತಕಿ ಅಂಟಿನ ಹೊಗೆ ಕೊಡುವ ಕೆಲಸ. ಸೊಸೆ ರತೀಬಾ ಕೆಮ್ಮುತ್ತ ಕೂತಿದ್ದಳು. ಕೆಮ್ಮಿದರೆ ಕೆಮ್ಮಲಿ. ಮಕಸ್ಸಾರಿನವರು ನಿನ್ನೆ ಸಂಜೆ ಬಂದಿಳಿದಿದ್ದಾರೆ. ನಾಲ್ಕು ಅಂತಸ್ತೂ ಭರ್ತಿ. ಮೆಟ್ಟಿಲ ಮೇಲೆ ಚಪ್ಪಲಿ, ಟ್ರಂಕು, ಒಣಮೀನಿನ ವಾಸನೆ.

ಮಗ ತಲತ್ ಮಧ್ಯಾಹ್ನದವರೆಗೆ ಮಲಗಿದ್ದ.

ದುಲ್ ಕಅದಾ ೨೩

ಹೆಂಗಸರನ್ನು ಪುಣ್ಯಸ್ಥಳಗಳಿಗೆ ಕರೆದೊಯ್ಯುವುದು ನನ್ನ ಪಾಲು. ಇವತ್ತು ಮಅಲಾ ಸ್ಮಶಾನ. ಒಳಗೆ ಬಿಡುವುದಿಲ್ಲ, ಗೋಡೆಯಾಚೆಯಿಂದಲೇ ಸಲಾಮು. ನಾನು ಮದುವೆಯಾಗಿ ಬಂದಾಗ ಪ್ರವಾದಿಯವರ ಮಡದಿ ಖದೀಜಾ ತಾಯಿಯ ಗೋರಿಯ ಮೇಲೆ ಗುಮ್ಮಟವಿತ್ತು. ದೂರದಿಂದಲೇ ಕಾಣುತ್ತಿತ್ತು. ಗೋರಿಗೆ ನಡೆದುಕೊಳ್ಳುವುದು ಕೂಡದೆಂದು ಈಗಿನ ಸರ್ಕಾರ ಕೆಡವಿತು; ಈಗ ಬರಿ ನೆಲ, ಕಲ್ಲು. ಬೆರಳು ಮಾಡಿ ತೋರಿಸಿದರೆ ಕಾವಲಿನವನ ಬೆತ್ತ ಬರುತ್ತದೆ. ಅದಕ್ಕೆ ನಮ್ಮ ಮನೆಯವರು ಗದ್ದದಲ್ಲಿ ತೋರಿಸುವುದು ರೂಢಿ ಮಾಡಿಕೊಂಡಿದ್ದೇವೆ. ಮುಸುಕಿನೊಳಗಿನಿಂದ ಒಂದು ಸಲ ಗದ್ದ ಎತ್ತಿದರೆ ಅತ್ತ ನೋಡಬೇಕು, ಅಷ್ಟೆ.

"ಏ ತಾಯಿ, ಏನದು? ಏನು ತೋರಿಸ್ತಿದ್ದೀಯ ಅಲ್ಲಿ?" ಎಂದ ಕಾವಲಿನವನು.

"ಏನೂ ಇಲ್ಲಪ್ಪ. ನೊಣ."

"ಇವರೆಲ್ಲಾ ಯಾಕೆ ಅಳ್ತಿದ್ದಾರೆ?"

"ನೊಣ ಕಚ್ಚಿರಬೇಕು."

ಮಕಸ್ಸಾರಿನ ಮುದುಕಿ ದಾಯೆಂಗ್ ಬಾಜಿ ನಮ್ಮ ಮಾತು ಅರ್ಥವಾಗದೆಯೂ ನಕ್ಕುಬಿಟ್ಟಳು. ಗಟ್ಟಿ ಹೆಂಗಸು. ಬಾಯಲ್ಲಿ ಹಲ್ಲಿಲ್ಲ, ಭಯವೂ ಇಲ್ಲ.

ಆಮೇಲೆ ಪ್ರವಾದಿಯವರು ಹುಟ್ಟಿದ ಜಾಗ. ಈಗ ಅಲ್ಲಿ ಪುಸ್ತಕಾಲಯದ ಕಟ್ಟಡ. ಅಷ್ಟಾದರೂ ಉಳಿಯಿತು. ಸಫಾ ಗುಡ್ಡದ ಪಕ್ಕದ ಅರ್ಕಮರ ಮನೆಯ ಕಡೆಗೂ ರಸ್ತೆ ಅಗಲ ಮಾಡುವವರ ಕಣ್ಣು ಬಿದ್ದಿದೆಯೆಂದು ಸುದ್ದಿ. ಅಲ್ಲಿ ತಲತ್ ಗಂಡಸರ ಗುಂಪಿನೊಂದಿಗೆ ನಿಂತಿದ್ದ. ಮೊದಲ ಮುಸಲ್ಮಾನರು ಆ ಬಾಗಿಲನ್ನು ಹೇಗೆ ಸದ್ದಿಲ್ಲದೆ ತಟ್ಟುತ್ತಿದ್ದರು, ಒಳಗಿದ್ದವರು ಹೇಗೆ ಉಸಿರು ಹಿಡಿಯುತ್ತಿದ್ದರು — ಅವನು ಹೇಳುತ್ತಿದ್ದರೆ ದಾರಿಹೋಕರೂ ನಿಲ್ಲುತ್ತಾರೆ. ನಾನೂ ನಿಂತೆ. ಮಗ ಎಂದು ಹೇಳುತ್ತಿಲ್ಲ. ಇಲ್ಲದ ಗುಮ್ಮಟವನ್ನು ಅವನು ಮಾತಿನಲ್ಲೇ ಕಟ್ಟಿ ನಿಲ್ಲಿಸುತ್ತಾನೆ.

ಆದರೆ ಮುತವ್ವಿಫನಾಗಲು ಮಾತೊಂದೇ ಸಾಲದು.

ದುಲ್ ಕಅದಾ ೨೮

ಮೈದುನ ವಸ್ಫಿ ಬಂದಿದ್ದ. ಜಾವಾ ಕಡೆಯ ಮುತವ್ವಿಫರಿಗೆಲ್ಲ ಅವನೇ ಹಿರಿಯ. ಕಾಫಿ ಕುಡಿದ, ಖರ್ಜೂರದ ಬೀಜವನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸಿದ. ಕೆಟ್ಟ ಮಾತಿಗೆ ಮೊದಲು ಅವನು ಮಾಡುವುದೇ ಹೀಗೆ.

"ಅತ್ತಿಗೆ, ಹೋದ ವರ್ಷ ತಲತ್‌ಗೆ ಜ್ವರ. ಅದರ ಹಿಂದಿನ ವರ್ಷಾನೂ ಜ್ವರ. ಸರಿಯಾಗಿ ಅರಫಾತಿನ ದಿನಕ್ಕೇ ಬರುತ್ತೆ ಆ ಜ್ವರ. ಕ್ಯಾಲೆಂಡರ್ ನೋಡ್ಕೊಂಡು ಬರುತ್ತಾ ಹೆಂಗೆ?"

"ನೇರವಾಗಿ ಹೇಳು."

"ಯಾತ್ರಿಕರನ್ನ ಕೂಲಿಯವರ ಕೈಗೆ ಕೊಟ್ಟು ಕಳಿಸೋ ಮನೆ ಅಂತ ಹೆಸರು ಬಂದಿದೆ. ಈ ಸಲಾನೂ ಅವನು ಅರಫಾತಿನಲ್ಲಿ ಅವರ ಜೊತೆ ನಿಲ್ಲದೇ ಹೋದ್ರೆ, ಮುಂದಿನ ವರ್ಷ ನಿಮ್ಮ ಯಾತ್ರಿಕರನ್ನ ಬೇರೆ ಮನೆಗಳಿಗೆ ಹಂಚ್ತೀವಿ. ಅಣ್ಣನ ಮನೆ ಅಂತ ನೋಡೋಕಾಗಲ್ಲ."

"ನೋಡು ಅಂತ ಯಾರು ಕೇಳಿದ್ರು? ನಿಲ್ತಾನೆ."

ಮೂರು ವರ್ಷದ ಹಿಂದಿನ ಹಜ್ಜು ನೆನಪಿಗೆ ಬಂತು. ಶೇಖರು ಅರಫಾತಿನ ಬಯಲಲ್ಲಿ, ಬಿಸಿಲಿಗೆ ಬಿದ್ದು ತೀರಿಕೊಂಡರು. ತಲೆ ತಲತ್‌ನ ತೊಡೆಯ ಮೇಲಿತ್ತಂತೆ. ಅಂದಿನಿಂದ ಇವನಿಗೆ ಜ್ವರ. ನನಗೆ ತಿಳಿಯದ ಸಂಗತಿಯಲ್ಲ. ಗಂಡನನ್ನು ಕಳೆದುಕೊಂಡವಳು ನಾನೂ. ಮರುದಿನ ಯಾತ್ರಿಕರಿಗೆ ಅನ್ನ ಬಡಿಸಿದ್ದೂ ನಾನೇ.

ದುಲ್ ಹಿಜ್ಜಾ ೪

ಸೆಖೆ. ಮಾಳಿಗೆಯ ಮೇಲೆ ಮಲಗಿದರೂ ಕಲ್ಲು ಕಾದಿರುತ್ತದೆ. ತಲತ್‌ನನ್ನು ಕರೆದು ಎದುರಿಗೆ ಕೂರಿಸಿಕೊಂಡೆ.

"ಈ ಸಲ ಹೋಗ್ತೀಯ."

"ಹೋಗ್ತೀನಮ್ಮ."

"ನನ್ನ ಮುಖ ನೋಡಿ ಹೇಳು."

ನೋಡಿದ. ಹೇಳಿದ. ಹಣೆಯಲ್ಲಿ ಬೆವರು. ಎಲ್ಲರ ಹಣೆಯಲ್ಲೂ ಇತ್ತು ಬೆವರು.

ಮಗಳು ಸನಿಯಾ ಹೆಂಗಸರ ಜೊತೆ ಹೋಗುತ್ತಾಳೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ಬಂದ ದಿನದಿಂದ ಸುಮ್ಮನೆ ಕೂತದ್ದು ಕಂಡಿಲ್ಲ. ಮಲಯ್ ಮಾತನ್ನು ನನಗಿಂತ ಚೆನ್ನಾಗಿ ಆಡುತ್ತಾಳೆ. ಡೇರೆಯ ಹಗ್ಗ ತಾನೇ ಪರೀಕ್ಷಿಸುತ್ತಿದ್ದಳು. ಬೈದೆ, ಕೂಲಿಯವರ ಕೆಲಸ ನಿನಗ್ಯಾಕೆ ಎಂದು.

"ಹೋದ ವರ್ಷ ಗಾಳಿಗೆ ಹಾರಿದ್ದು ಕೂಲಿಯವರ ಡೇರೆ ಅಲ್ಲವಲ್ಲಮ್ಮ, ನಮ್ಮ ಡೇರೆ," ಅಂದಳು.

ಉತ್ತರ ಕೊಡುವುದು ಮಾತ್ರ ಯಾರಿಂದ ಕಲಿತಳೋ.

ದುಲ್ ಹಿಜ್ಜಾ ೮, ಅಸರ್ ನಮಾಜಿನ ನಂತರ

ಹೋದರು. ಲಾರಿಗಳ ಧೂಳು ಇನ್ನೂ ಕಿಟಕಿಯ ಜಾಲರಿಯಲ್ಲಿದೆ. ಸನಿಯಾ ಮೊದಲನೆಯದರಲ್ಲಿ ಹೆಂಗಸರ ಜೊತೆ. ತಲತ್ ಕೊನೆಯದರಲ್ಲಿ. ಬಿಳಿ ಇಹ್ರಾಮ್ ಬಟ್ಟೆ ಉಟ್ಟು, ಲಬ್ಬೈಕ್ ಹೇಳುತ್ತ, ಎಲ್ಲರೆದುರು ಹತ್ತಿದ. ವಸ್ಫಿಯ ಆಳು ಮೂಲೆಯಲ್ಲಿ ನಿಂತು ನೋಡಿ ಹೋದ. ನೋಡಲಿ.

ಊರಲ್ಲಿ ಈಗ ಗಂಡಸರಿಲ್ಲ. ಮಕ್ಕಾ ನಮ್ಮದು. ನಾಳೆ ಖುಲೈಫ್ ದಿನ — ಗಂಡಸರೆಲ್ಲ ಅರಫಾತಿನಲ್ಲಿರುವಾಗ ಕಾಬಾದ ಸುತ್ತು ಒಂದು ಗಳಿಗೆಯೂ ಬರಿದಾಗಬಾರದು. ಮಕ್ಕಳುಮರಿ ಕಟ್ಟಿಕೊಂಡು ಹೆಂಗಸರೇ ತುಂಬುತ್ತೇವೆ. ಉಪವಾಸ ಅಲ್ಲೇ ಬಿಡುವುದು. ಶಾಮಿಯಾದ ಹೆಂಗಸರ ಮುಂದೆ ನಡೆಯುವುದು ನಾನು. ಮದುವೆಯಾಗಿ ಬಂದ ಮೇಲೆ ಒಂದು ವರ್ಷವೂ ತಪ್ಪಿಲ್ಲ. ಹೆರಿಗೆಯಾದ ವರ್ಷವೂ.

ಇವತ್ತು ರಾತ್ರಿ ಕೈಸ್, ಹೆಂಗಸರು ಗಂಡುವೇಷ ಹಾಕಿ ಬೀದಿ ಸುತ್ತುವ ಹಬ್ಬ. ಶೇಖರ ಜುಬ್ಬಾ, ಹಳದಿ ಕಸೂತಿಯ ರುಮಾಲು ಪೆಟ್ಟಿಗೆಯಿಂದ ತೆಗೆದಿದ್ದೇನೆ. ರತೀಬಾ ಡಾಕ್ಟರ ವೇಷವಂತೆ. ಎದುರುಮನೆಯ ಖೈರಿಯಾ ಹತ್ತಿಯ ಗಡ್ಡ ಅಂಟಿಸಿಕೊಂಡು ಕಾಜಿ. ಈಗಲೇ ನಗು ಕೇಳಿಸುತ್ತಿದೆ.

ಅದೇ ರಾತ್ರಿ. ಬೆಳಗಿನ ಫಜರ್ ನಮಾಜಿಗೆ ಇನ್ನೂ ಹೊತ್ತಿದೆ

ಬರೆದು ಹೊರಡುತ್ತೇನೆ.

ಕೇರಿಯಿಂದ ಕೇರಿಗೆ ಮೆರವಣಿಗೆ ಚೆನ್ನಾಗಿಯೇ ಸಾಗಿತ್ತು. ದಮ್ಮಡಿ, ದೀಪ, ಗಂಡುವೇಷದ ಹೆಂಗಸರು. ಹಜ್ಜಿಗೆ ಹೋಗದೆ ಊರಲ್ಲಿ ಉಳಿದ ಗಂಡಸು ಸಿಕ್ಕಿದರೆ ಬಿಡುವುದಿಲ್ಲ. ಅವನ ಸುತ್ತ ನಿಂತು ಹಾಡಬೇಕು. ಅಜ್ಜಿಯರ ಕಾಲದಿಂದ ಬಂದದ್ದು. ಹಾಸಿಗೆ ಹಿಡಿದವನಿಗೆ ವಿನಾಯಿತಿ, ಉಳಿದ ಯಾರಿಗೂ ಇಲ್ಲ. ಒಬ್ಬ ರೊಟ್ಟಿ ಅಂಗಡಿಯವನು ಸಿಕ್ಕಿದ್ದ. ಹಿಟ್ಟಿನ ಚೀಲದ ಹಿಂದೆ ಅಡಗಿದ್ದವನನ್ನು ಖೈರಿಯಾ ಕಿವಿ ಹಿಡಿದು ತಂದು ವಿಚಾರಣೆ ನಡೆಸಿದಳು. ಎಲ್ಲರಿಗೂ ಒಂದೊಂದು ರೊಟ್ಟಿ ಕೊಟ್ಟು ತಪ್ಪಿಸಿಕೊಂಡ.

ನಮ್ಮ ಹಳೆಯ ಉಗ್ರಾಣದ ಓಣಿ ಬಂದಾಗ ರತೀಬಾ ಮುಂದೆ ಬಂದು ನಿಂತಳು.

"ಅತ್ತೆ, ಈ ಕಡೆ ಬೇಡ. ನಾಯಿಗಳಿವೆ."

"ನನ್ನ ಓಣಿಯ ನಾಯಿ ನನ್ನನ್ನ ಕಚ್ಚುತ್ತಾ?"

"ಕತ್ತಲೆ ಅತ್ತೆ... ಆ ಕಡೆ ಏನಿದೆ ಅಂತ..."

ಅವಳ ದನಿ ಕೇಳಿಯೇ ತಿಳಿಯಿತು. ಆದರೆ ಮುಂದಿದ್ದ ಹುಡುಗಿಯರಿಗೆ ಬಾಗಿಲ ಸಂದಿಯ ಬೆಳಕು ಕಂಡಿತ್ತು. "ಗಂಡಸು! ಗಂಡಸು!" ಎಂದು ಕೂಗಿ ದಮ್ಮಡಿ ಬಡಿಯುತ್ತ ನುಗ್ಗಿದರು. ಯಾತ್ರಿಕರ ಟ್ರಂಕುಗಳ ನಡುವೆ, ಲಾಟೀನಿನ ಪಕ್ಕ, ಇಹ್ರಾಮ್ ಬಟ್ಟೆಯಲ್ಲಿ ಮುದುಡಿ ಕೂತಿದ್ದ. ತಲತ್.

ದಮ್ಮಡಿ ನಿಂತುಹೋಯಿತು. ಎಲ್ಲರ ಕಣ್ಣು ನನ್ನ ಮೇಲೆ. ಖೈರಿಯಾ ಗಡ್ಡ ಕಿತ್ತು ಕೈಯಲ್ಲಿ ಹಿಡಿದಳು. "ಬಹೀಜಾ... ಬಾಗಿಲು ಮುಚ್ಚೋಣ. ನಾವ್ಯಾರೂ ನೋಡ್ಲಿಲ್ಲ," ಅಂದಳು. ಒಳ್ಳೆಯ ಮನಸ್ಸು ಅವಳದು. ಬಾಗಿಲು ಮುಚ್ಚಬಹುದಿತ್ತು. ಮುಚ್ಚಿದ್ದರೆ ನಾಳೆಯಿಂದ ಈ ಊರಿನ ಯಾವ ಗಂಡಸಿನ ಎದುರೂ ನಾನು ಹಾಡುವ ಹಾಗಿರಲಿಲ್ಲ.

ಹಾಡಿದೆ. ಒಬ್ಬಳೇ. ಶೇಖರ ರುಮಾಲಿನಲ್ಲಿ ನಿಂತು, ಪೂರ್ತಿ.

ಬೀದಿಯ ಗಂಡಸು ನಾನೇ ಈಗ,
ಮೂಲೇಲಿ ಕೂತ ನೀನ್ಯಾರೋ?
ಮೀಸೆಗೆ ಹಿಟ್ಟು ಬಳ್ಕೊಂಡು ಬಾರೋ,
ರೊಟ್ಟಿ ತಟ್ಟೋರು ಇಲ್ಲ್ಯಾರೋ!

ಯಾರೂ ದನಿಗೂಡಿಸಲಿಲ್ಲ. ಎರಡನೆಯ ಸಲಕ್ಕೆ ಖೈರಿಯಾ ಗಡ್ಡ ಮತ್ತೆ ಅಂಟಿಸಿಕೊಂಡು ಮೆಲ್ಲಗೆ ಸೇರಿಕೊಂಡಳು. ಆಮೇಲೆ ಎಲ್ಲರೂ.

ಅವರನ್ನು ಕಳಿಸಿ ಬಾಗಿಲು ಹಾಕಿದೆ. ತಲತ್ ಅಳುತ್ತಿದ್ದ. ಮೊದಲ ರಾತ್ರಿ ತಂಗುವ ಮಿನಾದಲ್ಲಿ ನೀರಿನ ನೆಪ ಹೇಳಿ ಇಳಿದನಂತೆ. ಕತ್ತೆಯ ಮೇಲೆ ವಾಪಸು.

"ಅಮ್ಮ, ಅಲ್ಲಿಗೆ ಹೋದ್ರೆ ಅಪ್ಪನ ತಲೆ ಭಾರ ತೊಡೆ ಮೇಲೆ ಬರುತ್ತೆ. ಕಾಲು ಏಳೋದೇ ಇಲ್ಲ. ಸುಳ್ಳಲ್ಲಮ್ಮ."

"ಸುಳ್ಳು ಅಂತ ನಾನು ಅಂದ್ನಾ?"

"ಮತ್ತೆ ಹಾಡಿದ್ರಲ್ಲ..."

"ಹೆದರಿಕೆಗೆ ಹಾಡಲಿಲ್ಲ. ಯಾತ್ರಿಕರನ್ನ ಬಿಟ್ಟು ಬಂದದ್ದಕ್ಕೆ ಹಾಡಿದೆ. ಇಹ್ರಾಮ್ ಕಟ್ಟಿದವನು ನೀನು. ನಾಳೆ ಅರಫಾತಿನಲ್ಲಿ ನಿಲ್ಲದೇ ಹೋದ್ರೆ ನಿನ್ನ ಹಜ್ ಹೋಯ್ತು. ಏಳು."

"ಆಗಲ್ಲಮ್ಮ."

"ಒಬ್ಬನಿಗೆ ಆಗಲ್ಲ. ನಾನೂ ಬರ್ತೀನಿ."

ರತೀಬಾಳನ್ನು ಬೈಯುವುದಿತ್ತು. ಬೈಯಲಿಲ್ಲ. ಗಂಡನನ್ನು ಅಡಗಿಸಿದಳು, ಅಷ್ಟೇ ತಾನೆ. ನಾಳೆ ಶಾಮಿಯಾದ ಹೆಂಗಸರನ್ನು ಕಾಬಾದ ಹರಮ್‌ಗೆ ನೀನೇ ನಡೆಸಿಕೊಂಡು ಹೋಗು ಎಂದೆ. "ನಾನಾ ಅತ್ತೆ?" ಎಂದು ಬಾಯಿ ಬಿಟ್ಟಳು. "ತಲೆ ಎತ್ತಿ ನಡಿ. ಯಾರಾದರೂ ಕೇಳಿದ್ರೆ, ನಮ್ಮತ್ತೆ ಮಗನನ್ನ ಹಜ್ಜಿಗೆ ಕರ್ಕೊಂಡು ಹೋದ್ರು ಅನ್ನು."

ಖುಲೈಫ್ ತಪ್ಪಿತು. ಈ ಸಾಲು ಬರೆಯಬಾರದು ಎಂದುಕೊಂಡೆ. ಬರೆದೆ.

ಐಸ್ ಕಾರ್ಖಾನೆಯ ಲಾರಿ ಫಜರ್ ಆದ ಕೂಡಲೆ ಅರಫಾತಿಗೆ ಹೊರಡುತ್ತದೆ. ಹೇಳಿ ಕಳಿಸಿದ್ದೇನೆ. ಮನೆಯಿಂದಲೇ ಇಹ್ರಾಮಿನ ಸಂಕಲ್ಪ ಮಾಡಿ ಏಳುತ್ತಿದ್ದೇನೆ.

ದುಲ್ ಹಿಜ್ಜಾ ೧೧, ಮಿನಾ

ಡೇರೆಯ ನೆರಳಲ್ಲಿ. ಕುರಿ ಕೊಯ್ದ ವಾಸನೆ, ಹೊಗೆ. ಎರಡು ದಿನ ಪೆನ್ಸಿಲು ಮುಟ್ಟಲಾಗಲಿಲ್ಲ.

ಲಾರಿಯ ಮುಂದೆ ನಾನು. ಹಿಂದೆ ಐಸ್ ಗಡ್ಡೆಗಳ ಮೇಲೆ, ಗೋಣಿ ಹಾಸಿ, ತಲತ್. ಹದ್ರಮೌತಿನ ಡ್ರೈವರ್ ಮುಚ್ಚುಮರೆಯಿಲ್ಲದವನು.

"ಖಾಲಾ, ಬಿಸಿಲಿಗೆ ಹೆದರೋ ಮಗನಿಗೆ ಒಳ್ಳೆ ಸೀಟೇ ಹುಡುಕಿದ್ದೀರಿ."

"ರಸ್ತೆ ನೋಡು," ಎಂದೆ.

ಅವನೂ ಕೇಳಿದ್ದಾನೆ ಎಂದಾಯಿತು. ರಾತ್ರಿಯ ಹಾಡು ಬೆಳಗಾಗುವುದರೊಳಗೆ ಊರು ಸುತ್ತಿತ್ತು.

ಅರಫಾತಿನಲ್ಲಿ ನಮ್ಮ ಡೇರೆಗಳು ಕಂಡವು. ಯಜಮಾನನಿಲ್ಲದ ಯಾತ್ರಿಕರು ಹೇಗಿರುತ್ತಾರೆಂದು ಗೊತ್ತು. ನೀರಿಗೆ ಜಗಳ, ದಾರಿ ತಪ್ಪಿದವರು, ಬಿಸಿಲಿಗೆ ಬಿದ್ದವರು. ಹತ್ತಿರ ಹೋದೆ. ಜಗಳವಿಲ್ಲ. ಮುದುಕರೆಲ್ಲ ನಡುವಿನ ಡೇರೆಯಲ್ಲಿ, ಎಲ್ಲರ ಹೆಗಲ ಮೇಲೂ ಒದ್ದೆ ಬಟ್ಟೆ. ನೀರಿನ ತೊಟ್ಟಿಯ ಹತ್ತಿರ ಮೊದಲು ಹೆಂಗಸರು, ಆಮೇಲೆ ಮುದುಕರು, ಆಮೇಲೆ ಉಳಿದವರು. ಸನಿಯಾ ಲಾರಿಯ ಬಾನೆಟ್ಟಿನ ಮೇಲೆ ನಿಂತಿದ್ದಳು. ಒಂದು ಕೈಯಲ್ಲಿ ನಮ್ಮ ಹಸಿರು ಬಾವುಟ. ದಾರಿ ತಪ್ಪಿದ ಮುದುಕನೊಬ್ಬನ ಹೆಸರು ಹಿಡಿದು ಮಲಯ್‌ನಲ್ಲಿ ಕೂಗುತ್ತಿದ್ದಳು. ನನ್ನ ಮಗಳಿಗೆ ಅಂಥ ಗಂಟಲಿದೆಯೆಂದು ಗೊತ್ತಿರಲಿಲ್ಲ. ಮುದುಕ ಬಂದ. ಬೈದಳು. ಅವನು ಮಗುವಿನ ಹಾಗೆ ತಲೆ ತಗ್ಗಿಸಿ ನೆರಳಿಗೆ ಹೋಗಿ ಕೂತ.

"ಅಮ್ಮಾ! ನೀವ್ಯಾಕೆ ಬಂದ್ರಿ? ಇವತ್ತು ಖುಲೈಫ್..."

"ಕೇಳಬೇಡ. ಕೂಲಿಯವರೆಲ್ಲಿ?"

"ಇಬ್ಬರು ಓಡಿಹೋದ್ರು. ಉಳಿದವರು ಚೆನ್ನಾಗಿ ಕೆಲಸ ಮಾಡ್ತಿದ್ದಾರೆ. ಅಣ್ಣ..."

ತಲತ್ ಅವಳ ಕಣ್ಣು ತಪ್ಪಿಸಿ ಡೇರೆಯೊಳಗೆ ಹೋದ. ಅವಳು ಐಸ್ ಇಳಿಸಿಕೊಳ್ಳಲು ಓಡಿದಳು. ಹೋದ ವರ್ಷ, ಅದರ ಹಿಂದಿನ ವರ್ಷ, ಜ್ವರದ ವರ್ಷಗಳಲ್ಲಿ ಇಲ್ಲಿ ಇದೇ ನಡೆದಿರಬೇಕು. ಮನೆಗೆ ಬಂದು ಒಂದು ಮಾತು ಆಡಿದವಳಲ್ಲ.

ದಾಯೆಂಗ್ ಬಾಜಿ ನನ್ನ ತೋಳು ಹಿಡಿದು ಮಲಯ್‌ನಲ್ಲಿ ಹೇಳಿದಳು: "ನಿಮ್ಮ ಮಗಳು ನಮ್ಮನ್ನ ನಿನ್ನೆಯಿಂದ ಬೈದು ಬೈದು ಬದುಕಿಸಿದ್ದಾಳೆ."

ಮಧ್ಯಾಹ್ನ ಕಳೆದ ಮೇಲೆ ಪ್ರಾರ್ಥನೆಯ ಹೊತ್ತು. ತಲತ್‌ನ ಕೈ ಹಿಡಿದು ಹೊರಗೆ ತಂದೆ. ಇಹ್ರಾಮಿನಲ್ಲಿರುವ ಗಂಡಸು ತಲೆಯ ಮೇಲೆ ಬಟ್ಟೆ ಹಾಕುವಂತಿಲ್ಲ, ಛತ್ರಿ ಹಿಡಿದೆ. ಶೇಖರು ಬಿದ್ದ ಜಾಗ ಅಲ್ಲಿಂದ ಕಾಣುತ್ತದೆ, ಅವನು ಅತ್ತಲೇ ನೋಡಿದ. ನಾನೂ ನೋಡಿದೆ. "ನೋಡು. ನೋಡಿಯಾದ ಮೇಲೆ ಕೈ ಎತ್ತು," ಎಂದೆ. ನನ್ನ ಭುಜಕ್ಕೆ ಒರಗಿ ನಿಂತ. ಸೂರ್ಯ ಇಳಿಯುವವರೆಗೆ ನಿಂತ. ಅವನ ಹಜ್ ಉಳಿಯಿತು.

ಮನೆ ಉಳಿಯಬೇಕಾದರೆ ಇಷ್ಟು ಸಾಲದು. ಅದನ್ನು ಅಲ್ಲೇ, ಛತ್ರಿ ಹಿಡಿದು ನಿಂತಾಗಲೇ ಕಂಡುಕೊಂಡೆ.

ದುಲ್ ಹಿಜ್ಜಾ ೧೫

ಮನೆಗೆ ಬಂದು ಎರಡು ದಿನ. ರತೀಬಾ ಖುಲೈಫ್ ಚೆನ್ನಾಗಿ ನಡೆಸಿದಳಂತೆ. ಖೈರಿಯಾ ಹೇಳಿದಳು. ಸಂಜೆ ಉಪವಾಸ ಬಿಡುವಾಗ ನನ್ನ ಜಾಗ ಖಾಲಿ ಬಿಟ್ಟು ಕೂತಿದ್ದರಂತೆ ಹುಚ್ಚಿಯರು.

ವಸ್ಫಿ ಬಂದ. ಕಾಫಿ ಮುಟ್ಟಲಿಲ್ಲ.

"ಅತ್ತಿಗೆ, ನೀವೇ ಹಾಡಿದ್ರಂತೆ."

"ಹಾಡಿದೆ."

"ಮುಚ್ಚಿಟ್ಟಿದ್ರೆ ನಾನೂ ಏನಾದ್ರೂ ಮಾಡಬಹುದಿತ್ತು. ಈಗ ಊರಿಗೆಲ್ಲ ಗೊತ್ತು. ಮುಂದಿನ ವರ್ಷ ನಿಮ್ಮ ಯಾತ್ರಿಕರನ್ನ ಹಂಚಲೇಬೇಕು."

"ಯಾಕೆ? ನಮ್ಮ ಯಾತ್ರಿಕರಲ್ಲಿ ಒಬ್ಬರೂ ನೀರಿಲ್ಲದೆ ನರಳಲಿಲ್ಲ, ಒಬ್ಬರೂ ಕಳೆದುಹೋಗಲಿಲ್ಲ. ಮಿಶ್ಕಾತಿ ಮನೆ ಅಲ್ಲಿ ನಿಂತಿತ್ತು. ಸನಿಯಾ ನಿಂತಿದ್ದಳು. ಇನ್ನು ಮುಂದೆ ಮನೆಯ ಹೆಸರು ಅವಳದು."

"ಹೆಣ್ಣುಮಕ್ಕಳಿಗೆ ಪಾಲು ಕೊಡ್ತೀವಿ, ಎಂದಾದ್ರೂ ಇಲ್ಲ ಅಂದಿದ್ದೀವಾ? ಪಾಲು ಬೇರೆ, ಹೆಸರು ಬೇರೆ. ಯಜಮಾನಿಕೆ ಗಂಡಸಿನದು."

"ಹಾಗಂತ ಕಟ್ಟಳೆ ಇದೆಯಾ?"

"ಕಟ್ಟಳೆ ಅಂತ..." ತಡವರಿಸಿದ. "ಯಾರೂ ಕೇಳಿಲ್ಲ ಇದುವರೆಗೆ. ಕಟ್ಟಳೆ ಇರೋದು ಒಂದೇ. ಜಿದ್ದಾದಲ್ಲಿ ಹಡಗಿಳಿದ ಯಾತ್ರಿಕನನ್ನ ನಿನ್ನ ಮುತವ್ವಿಫ್ ಯಾರು ಅಂತ ಕೇಳ್ತಾರೆ. ಅವನು ಯಾರ ಹೆಸರು ಹೇಳ್ತಾನೋ ಅವರ ಮನೆಗೇ ಅವನು. ಅದನ್ನ ಮಾತ್ರ ಯಾರೂ ಮೀರೋ ಹಾಗಿಲ್ಲ, ನಾನೂ ಮೀರೋ ಹಾಗಿಲ್ಲ. ಆದ್ರೆ ಅವರು ಹೇಳೋದು ಗಂಡಸರ ಹೆಸರು, ಅತ್ತಿಗೆ. ಅವರಿಗೆ ಗೊತ್ತಿರೋದೇ ಅದು."

"ಕಾಫಿ ಕುಡಿ, ಆರಿಹೋಗುತ್ತೆ," ಎಂದೆ.

ಅವನಿಗೆ ಸಮಾಧಾನವಾಯಿತು. ನಾನು ಸೋತೆ ಎಂದುಕೊಂಡ. ಕುಡಿದ.

ದುಲ್ ಹಿಜ್ಜಾ ೧೮

ತಲತ್‌ನ ಜೊತೆ ಮಾತು.

"ಪುಣ್ಯಸ್ಥಳ ತೋರಿಸೋದು ನಿನ್ನದೇ. ನಿನ್ನ ಹಾಗೆ ಹೇಳೋರು ಈ ಊರಲ್ಲಿ ಇನ್ನೊಬ್ಬರಿಲ್ಲ. ಊರ ಗಡಿಯೊಳಗೆ ಆ ಕೆಲಸ ನೀನು ನೋಡ್ಕೋ, ತಂಗಿಯ ಕೈಕೆಳಗೆ. ಗಡಿ ದಾಟಿದ ಮೇಲೆ ಎಲ್ಲ ಅವಳದು."

"ಜನ ನಗ್ತಾರಮ್ಮ."

"ನಕ್ಕಾಗಿದೆಯಲ್ಲ. ಇನ್ನೇನು ಉಳಿದಿದೆ?"

ಅವನೇ ನಕ್ಕ. ಎಷ್ಟು ವರ್ಷವಾಗಿತ್ತೋ. ಸನಿಯಾಳಿಗೆ ಹೇಳಿದಾಗ ಮಾತ್ರ ಬೇರೆ ಗಲಾಟೆ. "ಅಣ್ಣನ ಜಾಗ ನಂಗೆ ಬೇಡ" ಎಂದು ಹಟ. ಅಣ್ಣನ ಜಾಗವಲ್ಲ, ನೀನು ಬಾನೆಟ್ಟಿನ ಮೇಲೆ ನಿಂತಿದ್ದ ಜಾಗ ಎಂದೆ.

ದುಲ್ ಹಿಜ್ಜಾ ೨೧

ಮಕಸ್ಸಾರಿನವರು ಇವತ್ತು ಹೊರಟರು. ಲಾರಿಗಳು ಕೇರಿಯ ಬಾಯಲ್ಲಿ ನಿಂತಿದ್ದವು. ಹತ್ತುವುದಕ್ಕೆ ಮೊದಲು ಎಲ್ಲರನ್ನೂ ನಡುಮನೆಯಲ್ಲಿ, ಮೆಟ್ಟಿಲುಗಳ ಮೇಲೆ, ಅಂಗಳದಲ್ಲಿ ಕೂರಿಸಿದೆ. ಕೇರಿಯ ಹೆಂಗಸರು ಕಿಟಕಿಗಳಲ್ಲಿ. ಮಲಯ್‌ನಲ್ಲೇ ಕೇಳಿದೆ:

"ಮುಂದಿನ ವರ್ಷ ನಿಮ್ಮ ಅಣ್ಣತಮ್ಮಂದಿರು, ನೆಂಟರು ಬರ್ತಾರೆ. ಜಿದ್ದಾದಲ್ಲಿ ಕೇಳ್ತಾರೆ, ನಿಮ್ಮ ಮುತವ್ವಿಫ್ ಯಾರು? ಏನು ಹೇಳಬೇಕು ಅವರು?"

"ತಲತ್ ಮಿಶ್ಕಾತಿ!" ಎಂದರು, ಅಭ್ಯಾಸದಿಂದ.

"ಅಲ್ಲ. ಸನಿಯಾ ಮಿಶ್ಕಾತಿ. ಹೇಳಿ."

ಗುಜುಗುಜು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ದಾಯೆಂಗ್ ಬಾಜಿ ಕೈ ಎತ್ತಿದಳು.

"ಗಂಡಸಿನ ಹೆಸರೇ ಹೇಳು ಅಂತ ಜಿದ್ದಾದವನು ಗದರಿದ್ರೆ?"

"ಅವನಿಗೆ ಕಿವಿ ಸರಿಯಿಲ್ಲ ಅಂತ ತಿಳ್ಕೊಂಡು ಇನ್ನೂ ಜೋರಾಗಿ ಹೇಳಿ."

ಅವಳೇ ಮೊದಲು ಕೂಗಿದಳು. ಬಿಸಿಲಿನಲ್ಲಿ ಬೈಸಿಕೊಂಡಿದ್ದ ಆ ಮುದುಕ ಎರಡನೆಯವನು. ಆಮೇಲೆ ಒಬ್ಬೊಬ್ಬರಾಗಿ. ಮತ್ತೆ ಹೇಳಿಸಿದೆ. ಮತ್ತೆ. ಶಾಲೆಯಲ್ಲಿ ಮಗ್ಗಿ ಹೇಳಿಸಿದ ಹಾಗೆ. ಸನಿಯಾ ಅಡುಗೆಮನೆಯ ಬಾಗಿಲಲ್ಲಿ ಮುಸುಕಿನಂಚಿನಿಂದ ಮುಖ ಮುಚ್ಚಿಕೊಂಡಿದ್ದಳು. ಅಂಗಳದಲ್ಲಿ ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದ ತಲತ್ ನಿಧಾನವಾಗಿ ನೆಟ್ಟಗಾದ. ಕೊನೆಯ ಸಲ ಅವನ ದನಿಯೂ ಅವರ ದನಿಯೊಳಗೆ ಕೇಳಿಸಿತು. ನಮ್ಮವನ ಗಂಟಲು, ಎಲ್ಲಿದ್ದರೂ ಗೊತ್ತಾಗುತ್ತದೆ.

ಲಾರಿಗಳು ಆ ಹೆಸರನ್ನು ಕೂಗುತ್ತಲೇ ಹೋದವು. ಕೇರಿ ಪೂರ್ತಿ ಕೇಳಿತು.

ಈಗ ಕೆಳಗೆ ಬಾಗಿಲು ಬಡಿಯುತ್ತಿದ್ದಾರೆ. ವಸ್ಫಿಯದೇ ಬಡಿತ, ಆ ಸಿಟ್ಟು ಬೇರೆ ಯಾರಿಗಿದೆ. ರತೀಬಾ ಓಡಿ ಬಂದು ಏನು ಹೇಳಲಿ ಎಂದಳು. ಮೇಲೆ ಬರಲು ಹೇಳು ಎಂದೆ. ಕಾಫಿ ಬಿಸಿಯಾಗಿದೆ. ಹಡಗು ಇನ್ನೆರಡು ದಿನಕ್ಕೆ ಹೊರಡುತ್ತದೆ, ಹೆಸರು ಅದರಲ್ಲಿದೆ. ಅವನೇನು ಸಮುದ್ರವನ್ನು ತಡೆದು ನಿಲ್ಲಿಸುತ್ತಾನಾ?